ಆಕಾಶಕ್ಕೆ ಗಂಧಕ ಸಿಂಪಡಿಸಿದರೆ ಸೆಕೆ ಮುಗೀತಾ?

ಪ್ರಶ್ನೆ: ಆಕಾಶಕ್ಕೆ ಗಂಧಕ ಸಿಂಪಡಿಸಿ ಭೂಮಿಯನ್ನು ತಂಪು ಮಾಡಬಹುದಂತೆ. ಹಾಗಿದ್ದರೆ ಇನ್ನೂ ಯಾಕೆ ಮಾಡಿಲ್ಲ ಸರ್?

ಬೇಸಿಗೆ ಬಂತು ಅಂದರೆ ಈ ಪ್ರಶ್ನೆಯೂ ಬಂತು. ಮೊದಲೇ ಹೇಳಿಬಿಡುತ್ತೇನೆ, 2017ರಲ್ಲಿ ಬೆಂಗಳೂರಿನ ಜಕ್ಕೂರಿನಿಂದ ವಿಮಾನ ಹಾರಿಸಿ ಮಾಡಿದ ಮೋಡ ಬಿತ್ತನೆಯೇ ಬೇರೆ. ಅದು ಇದ್ದ ಮೋಡದಿಂದ ಮಳೆ ಸುರಿಸುವ ಪ್ರಯತ್ನ. ಇದು ಬಿಸಿಲನ್ನೇ ಒಂಚೂರು ವಾಪಸ್ ಕಳಿಸುವ ಯೋಚನೆ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಟುಬೊ ಜ್ವಾಲಾಮುಖಿ ಸಿಡಿದು ಗಂಧಕದ ಅನಿಲ ತುಂಬಾ ಮೇಲಕ್ಕೆ ಹೋಗಿತ್ತು. ಅದರಿಂದಾದ ಸಣ್ಣ ಕಣಗಳು ಬಿಸಿಲನ್ನು ವಾಪಸ್ ಕಳಿಸಿ ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಯಿತು. ತಂಪಾಗುತ್ತದೆ, ಒಪ್ಪಿದೆ.

‘ತಂಪಾದರೆ ಮುಗೀತಲ್ಲ’ ಅನ್ನುತ್ತೀರಲ್ಲ, ಅದನ್ನು ಕೇಳಿ ಕೇಳಿ ಸಾಕಾಗಿದೆ. ನಮ್ಮ ಅಪಾರ್ಟ್‌ಮೆಂಟ್ ಕಥೆ ಕೇಳಿ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ ಬತ್ತಿತು. ಮಳೆನೀರು ಕೊಯ್ಲಿನ ಪೈಪ್ ರಿಪೇರಿ ಮಾಡಿಸೋಣ ಅಂತ ಮೀಟಿಂಗ್‌ನಲ್ಲಿ ಎಲ್ಲರೂ ಕೈ ಎತ್ತಿದರು. ಮಾರನೇ ದಿನ ಟ್ಯಾಂಕರ್ ಬಂತು, ಸಂಪ್ ತುಂಬಿತು. ಆಮೇಲೆ ಪೈಪಿನ ಸುದ್ದಿ ಯಾರೂ ಎತ್ತಲಿಲ್ಲ. ಈಗಲೂ ಟೆರೇಸಿನ ಪೈಪಿನ ಬಾಯಿಗೆ ಹೊಂಗೆ ಎಲೆ ಕಚ್ಚಿಕೊಂಡಿದೆ. ಇದನ್ನೇ ತಿಳಿದವರು ಮಾರಲ್ ಹಜಾರ್ಡ್ ಅನ್ನುತ್ತಾರೆ. ಸುಲಭದ ದಾರಿ ಸಿಕ್ಕಿದರೆ ಮಾಡಲೇಬೇಕಾದ ಕೆಲಸ ಮೂಲೆಗೆ ಬೀಳುತ್ತದೆ. ಇಲ್ಲಿ ಆ ಕೆಲಸ ಅಂದರೆ ಕಲ್ಲಿದ್ದಲು, ಪೆಟ್ರೋಲ್ ಸುಡುವುದನ್ನು ಕಡಿಮೆ ಮಾಡುವುದು.

ಕಥೆ ಮುಗಿದಿಲ್ಲ. ಒಂದು ಬೆಳಗ್ಗೆ ಟ್ಯಾಂಕರ್‌ನವನು ಫೋನ್ ಎತ್ತಲಿಲ್ಲ. ಮೂರನೇ ಮಹಡಿಯ ಅಜ್ಜಿ 20 ಲೀಟರಿನ ಕ್ಯಾನ್ ನೀರಲ್ಲಿ ಪಾತ್ರೆ ತೊಳೆದರು. ಗಂಧಕದ್ದೂ ಇದೇ ಪಾಡು. ಅದರ ಕಣ ಮೇಲೆ ಒಂದೆರಡು ವರ್ಷ ನಿಂತರೆ ಜಾಸ್ತಿ. ನಾವು ಬಿಟ್ಟ ಕಾರ್ಬನ್ ಡೈಆಕ್ಸೈಡ್ ನೂರಾರು ವರ್ಷ ಉಳಿಯುತ್ತದೆ. ಅಂದರೆ ಸಿಂಪಡಿಸುತ್ತಲೇ ಇರಬೇಕು. ಹತ್ತಾರು ವರ್ಷ ಮಾಡಿ, ಯುದ್ಧವೋ ದುಡ್ಡಿನ ತಾಪತ್ರಯವೋ ಬಂದು ಥಟ್ಟನೆ ನಿಲ್ಲಿಸಿದರೆ, ತಡೆದಿಟ್ಟ ಬಿಸಿಯೆಲ್ಲ ಕೆಲವೇ ವರ್ಷಗಳಲ್ಲಿ ಒಟ್ಟಿಗೆ ಬರುತ್ತದೆ. ಟರ್ಮಿನೇಷನ್ ಶಾಕ್ ಅಂದರೆ ಇದೇ. ಇನ್ನೂ ಹುಟ್ಟದ ಮಕ್ಕಳ ಹೆಸರಿಗೆ ಈ ಟ್ಯಾಂಕರ್ ಬಿಲ್ಲು ಬರೆಯೋಕೆ ನಾವ್ಯಾರು? ಇಷ್ಟೆಲ್ಲ ಮಾಡಿದರೂ ಸಮುದ್ರ ಕಾರ್ಬನ್ ಹೀರಿ ಹುಳಿಯಾಗುವುದು ನಿಲ್ಲಲ್ಲ.

ಮಳೆಯದ್ದು ಬೇರೆ ತಲೆನೋವು. ಉತ್ತರ ಗೋಳಾರ್ಧದಲ್ಲಿ ಮಾತ್ರ ಸಿಂಪಡಿಸಿದರೆ ಮಳೆ ತರುವ ಮೋಡಗಳ ಸಾಲು ದಕ್ಷಿಣಕ್ಕೆ ಸರಿದು ನಮ್ಮ ಮುಂಗಾರು ಸೊರಗಬಹುದು ಅಂತ ಕಂಪ್ಯೂಟರ್ ಲೆಕ್ಕ ತೋರಿಸಿದೆ. ಇಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಹವಾಮಾನ ವಿಜ್ಞಾನಿ ಗೋವಿಂದಸಾಮಿ ಬಾಲ ಇಂಥ ಲೆಕ್ಕವನ್ನು ವರ್ಷಗಟ್ಟಲೆ ಮಾಡಿದವರು. ಯಾರದೋ ಊರು ತಂಪಾಗಲು ಕೋಲಾರದ ರಾಗಿ ಹೊಲ ಒಣಗಬೇಕಾ?

ಸುಮ್ನೆ ಒಂದು ಪ್ರಯೋಗವಾದರೂ ಮಾಡಬಹುದಲ್ವಾ? ಇದನ್ನು ಯಾರೂ ಕೇಳಿಲ್ಲ, ನಾನೇ ಕೇಳಿಕೊಂಡೆ. 2021ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಇಂಥದೇ ಪ್ರಯೋಗಕ್ಕೆಂದು ಸ್ವೀಡನ್ನಿನ ಕಿರುನಾದಿಂದ ಬಲೂನ್ ಹಾರಿಸಲು ಹೊರಟಿದ್ದರು. ಆ ಸಲ ಏನನ್ನೂ ಸಿಂಪಡಿಸುವುದಿರಲಿಲ್ಲ, ಬರೀ ಉಪಕರಣದ ಪರೀಕ್ಷೆ. ತಮ್ಮನ್ನು ಕೇಳದೆ ಹೊರಟಿದ್ದಕ್ಕೆ ಅಲ್ಲಿನ ಮೂಲನಿವಾಸಿ ಸಾಮಿ ಜನ ತಕರಾರು ಎತ್ತಿದರು. ಬಲೂನ್ ಏಳಲೇ ಇಲ್ಲ, 2024ರಲ್ಲಿ ಯೋಜನೆಯನ್ನೇ ಕೈಬಿಟ್ಟರು. ಏನೂ ಗೊತ್ತಿಲ್ಲದೆ ಕೈ ಹಾಕುವುದಕ್ಕಿಂತ ಪ್ರಯೋಗ ಮಾಡಿ ತಿಳಿಯುವುದು ಮೇಲು ಅನ್ನುವ ವಿಜ್ಞಾನಿಗಳ ಮಾತಲ್ಲೂ ಹುರುಳಿದೆ. ಆದರೆ ಜಕ್ಕೂರಿನಿಂದ ಅಂಥ ಬಲೂನ್ ಏಳುವುದಾದರೆ ಮೊದಲು ಯಲಹಂಕದವರನ್ನು ಕೇಳಲಿ ಅನ್ನುವುದು ನನ್ನ ಹಠ.