ಕಣ್ಣಿನ ಮಸೂರ ಸರಿಯುವುದಿಲ್ಲ, ಉಬ್ಬುತ್ತದೆ

ಕಣ್ಣು ಕ್ಯಾಮೆರಾದಂತೆ ಎಂದು ಶಾಲೆಯಲ್ಲಿ ಓದಿದ್ದು ಬಿಂಬ ಮೂಡುವ ಮಟ್ಟಿಗೆ ಸರಿ. ಫೋಕಸ್ ವಿಷಯದಲ್ಲಿ ಮಾತ್ರ ಎರಡರ ದಾರಿ ಬೇರೆ. ಮೊಬೈಲ್ ಕ್ಯಾಮೆರಾದಲ್ಲಿ ತಂತಿಯ ಸುರುಳಿ ಮತ್ತು ಅಯಸ್ಕಾಂತ ಸೇರಿ ಮಸೂರವನ್ನು ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ಕಡಿಮೆ ಅಂತರದಲ್ಲಿ ಹಿಂದೆ ಮುಂದೆ ಸರಿಸುತ್ತವೆ. ಮೀನಿನ ಕಣ್ಣಿನದೂ ಇದೇ ಉಪಾಯ. ಮನುಷ್ಯನ ಮಸೂರವಾದರೋ ಇದ್ದಲ್ಲೇ ಇದ್ದು ಆಕಾರ ಬದಲಿಸಿಕೊಳ್ಳುತ್ತದೆ.

ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ್ದು. ಆದರೆ ಅದರ ಶಕ್ತಿ ಬದಲಾಗದು. ದೂರ–ಹತ್ತಿರಗಳ ಹೊಂದಾಣಿಕೆಯೆಲ್ಲ ಒಳಗಿನ ಮಸೂರದ ಪಾಲಿಗೆ ಬಂದಿದೆ. ಮಸೂರವನ್ನು ಸುತ್ತಲಿಂದ ಸೂಕ್ಷ್ಮ ಎಳೆಗಳು ಹಿಡಿದಿವೆ, ಎಳೆಗಳ ಇನ್ನೊಂದು ತುದಿ ಉಂಗುರದಂತಿರುವ ಸಿಲಿಯರಿ ಸ್ನಾಯುವಿನ ಕಡೆಗಿದೆ. ಸ್ನಾಯು ವಿಶ್ರಾಂತಿಯಲ್ಲಿರುವಾಗ ಎಳೆಗಳು ಬಿಗಿದು ಮಸೂರ ಚಪ್ಪಟೆಯಾಗುತ್ತದೆ, ದೂರದ ಬೆಟ್ಟ ಸ್ಪಷ್ಟವಾಗಿ ಕಾಣುತ್ತದೆ. ಪುಸ್ತಕ ನೋಡುವಾಗ ಸ್ನಾಯು ಸಂಕುಚಿಸಿ ಉಂಗುರ ಕಿರಿದಾಗುತ್ತದೆ. ಜಮಖಾನವನ್ನು ಸುತ್ತ ನಿಂತು ಎಳೆದು ಹಿಡಿದವರೆಲ್ಲ ಒಂದೊಂದು ಹೆಜ್ಜೆ ಒಳಕ್ಕೆ ಬಂದಾಗ ಸೆಳೆತ ಸಡಿಲುವ ಹಾಗೆ, ಎಳೆಗಳು ಸಡಿಲಗೊಂಡು ಮಸೂರ ತನ್ನ ಸ್ಥಿತಿಸ್ಥಾಪಕತೆಯಿಂದ ತಾನೇ ಉಬ್ಬುತ್ತದೆ. ಅಂದರೆ ಸ್ನಾಯು ದುಡಿಯುವುದು ಮಸೂರವನ್ನು ಹಿಂಡುವುದಕ್ಕಲ್ಲ, ಬಿಡುಗಡೆ ಮಾಡುವುದಕ್ಕೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1855ರಲ್ಲಿ ಕೊಟ್ಟ ಈ ವಿವರಣೆ ಮುಖ್ಯಾಂಶಗಳಲ್ಲಿ ಇಂದಿಗೂ ನಿಂತಿದೆ.

ಹೊಂದಿಕೊಳ್ಳುವುದು ಮಸೂರವೇ ಎಂಬುದನ್ನು 1801ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ತನ್ನ ಕಣ್ಣಿನ ಮೇಲೆಯೇ ಪರೀಕ್ಷಿಸಿದ್ದ. ಕಣ್ಣನ್ನು ನೀರಿನಲ್ಲಿಟ್ಟರೆ ಕಾರ್ನಿಯಾದ ಶಕ್ತಿ ಬಹುತೇಕ ಅಳಿದುಹೋಗುತ್ತದೆ. ಆ ಕೊರತೆಯನ್ನು ಗಾಜಿನ ಮಸೂರದಿಂದ ತುಂಬಿಕೊಂಡು ನೋಡಿದರೂ ಅವನ ಕಣ್ಣಿನ ಹೊಂದಾಣಿಕೆ ಮೊದಲಿನಂತೆಯೇ ಇತ್ತು. ಕಣ್ಣುಗುಡ್ಡೆ ಉದ್ದವಾಗುತ್ತದೆಯೇ ಎಂದು ತಿಳಿಯಲು ಅದರ ಹಿಂದೆ ಮುಂದೆ ಲೋಹದ ಉಂಗುರಗಳನ್ನು ಒತ್ತಿ ನೋಡಿದ, ಉದ್ದವಾಗಲಿಲ್ಲ. ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಮಸೂರ ಕಳೆದುಕೊಂಡವರಲ್ಲಿ ಈ ಹೊಂದಾಣಿಕೆಯೇ ಇಲ್ಲವೆಂದೂ ಕಂಡುಕೊಂಡ.

ಇಷ್ಟಾದ ಮೇಲೂ 1920ರಲ್ಲಿ ನ್ಯೂಯಾರ್ಕಿನ ವಿಲಿಯಂ ಬೇಟ್ಸ್ ಎಂಬ ವೈದ್ಯ, ಫೋಕಸ್‌ನಲ್ಲಿ ಮಸೂರದ ಪಾತ್ರವಿಲ್ಲ, ಹೊರಗಿನ ಸ್ನಾಯುಗಳು ಕಣ್ಣುಗುಡ್ಡೆಯನ್ನು ಹಿಗ್ಗಿಸುತ್ತವೆ, ಆದ್ದರಿಂದ ಅಭ್ಯಾಸದಿಂದ ಕನ್ನಡಕ ಬಿಡಬಹುದು ಎಂದು ಪ್ರಚಾರ ಮಾಡಿದ. ಕಣ್ಣು ತಿರುಗಿಸಿ ಚಾಳೀಸು ಓಡಿಸುವ ಇಂದಿನ ವಿಡಿಯೊಗಳನ್ನು ಕಂಡಾಗ ನನಗೆ ಕಳವಳವಾಗುವುದು ಇದಕ್ಕೇ. ಹತ್ತು ವರ್ಷದ ಮಗು ಏಳೆಂಟು ಸೆಂಟಿಮೀಟರ್ ಹತ್ತಿರದ ಅಕ್ಷರವನ್ನೂ ಓದಬಲ್ಲದು. ನಲವತ್ತೈದರ ಸುಮಾರಿಗೆ ಪತ್ರಿಕೆ ದೂರ ಹಿಡಿಯಬೇಕಾಗುತ್ತದೆ. ಜೀವಮಾನವಿಡೀ ಹೊಸ ತಂತುಗಳು ಪದರಪದರವಾಗಿ ಸೇರುತ್ತ ಮಸೂರ ಗಡುಸಾಗುವುದೇ ಇದರ ಮುಖ್ಯ ಕಾರಣ. ಸ್ನಾಯು ಆ ವಯಸ್ಸಿನಲ್ಲೂ ಚೆನ್ನಾಗಿಯೇ ಸಂಕುಚಿಸುತ್ತದೆ, ಎಳೆಗಳೂ ಸಡಿಲಗೊಳ್ಳುತ್ತವೆ, ಆದರೆ ಮಸೂರ ಉಬ್ಬದು. ಬಲವಾಗಿಯೇ ಇರುವ ಸ್ನಾಯುವಿಗೆ ವ್ಯಾಯಾಮ ಮಾಡಿಸಿ ಗಡುಸಾದ ಮಸೂರವನ್ನು ಮೆದುವಾಗಿಸಲಾಗದು. ಪೊರೆ ತೆಗೆಸಿಕೊಂಡು ಸಾಮಾನ್ಯ ಕೃತಕ ಮಸೂರ ಹಾಕಿಸಿಕೊಂಡವರು ದೂರದ ಬಸ್ಸಿನ ಬೋರ್ಡನ್ನು ಬರಿಗಣ್ಣಿನಲ್ಲಿ ಓದಿದರೂ ಪತ್ರಿಕೆಗೆ ಕನ್ನಡಕ ಹುಡುಕುವುದು ಆ ಮಸೂರವೂ ಆಕಾರ ಬದಲಿಸದ ಕಾರಣಕ್ಕೇ.