ಒತ್ತಡ ಮತ್ತು ಹೃದಯ: ಯಾವ ಅಳತೆ ಎಷ್ಟು ಹೊತ್ತಿನದು?

ಧಾರವಾಡದ ಸಪ್ತಾಪುರದಲ್ಲಿ ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದುವವರನ್ನು ಕೇಳಿ, ಟೆನ್ಷನ್ ಇದೆ ಅನ್ನುತ್ತಾರೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ತಂದು ರೇಟಿಗೆ ಕಾಯುವ ರೈತರೂ ಅದನ್ನೇ ಅನ್ನುತ್ತಾರೆ. ಒಬ್ಬರದು ಪರೀಕ್ಷೆ ಹಾಲ್‌ನ ಮೂರು ತಾಸಿನದು, ಇನ್ನೊಬ್ಬರದು ಇಡೀ ಹಂಗಾಮಿನದು. ಎರಡನ್ನೂ ಒಂದೇ ಅಳತೆಯಿಂದ ಅಳೆಯಲು ಬರುವುದಿಲ್ಲ. ಈ ಪಾಠದ ಗಂಟು ಇರುವುದು ಇಲ್ಲೇ.

ಮೊದಲು ದೇಹದೊಳಗೆ ಏನಾಗುತ್ತದೆ ನೋಡೋಣ. ಎದೆ ಧಸಕ್ ಎಂದ ಕೂಡಲೇ ದೇಹವನ್ನು ಅಪಾಯಕ್ಕೆ ಸಿದ್ಧ ಮಾಡುವ ಸಿಂಪಥೆಟಿಕ್ ನರಗಳು ಚುರುಕಾಗುತ್ತವೆ, ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಬಡಿತ, ಬಿಪಿ ಎರಡೂ ಏರುತ್ತವೆ. ರಕ್ತ ಬೇಗ ಹೆಪ್ಪುಗಟ್ಟುವಂತಾಗುತ್ತದೆ. ಇದೆಲ್ಲ ಸೆಕೆಂಡುಗಳ ಮಾತು. ಇನ್ನೊಂದು ದಾರಿ ನಿಧಾನದ್ದು. ಮಿದುಳಿನ ಹೈಪೋಥಾಲಮಸ್, ಅದರ ಕೆಳಗಿನ ಪಿಟ್ಯುಟರಿ, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಹೀಗೆ ಸಂದೇಶ ಸಾಗಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಏರಿದ್ದು ಇಳಿದರೆ ಆರೋಗ್ಯವಂತ ಹೃದಯ ತಾಳಿಕೊಳ್ಳುತ್ತದೆ. ಇಳಿಯದೆ ತಿಂಗಳುಗಟ್ಟಲೆ ನಿಂತರೆ ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು ಹೆಚ್ಚಬಹುದು, ರಕ್ತನಾಳದ ಒಳಪದರ ಹಾಳಾಗಬಹುದು. ಜೊತೆಗೆ ನಿದ್ದೆ ಕೆಡುತ್ತದೆ, ಬೀಡಿ, ಗುಟ್ಕಾ ಜಾಸ್ತಿಯಾಗುತ್ತವೆ, ಬಿಪಿ ಮಾತ್ರೆ ಮರೆತುಹೋಗುತ್ತದೆ. ಉತ್ತರ ಬರೆಯುವಾಗ ಈ ಭಾಗ ಬಿಡಬೇಡಿ. ನಮ್ಮ ಕಡೆ ಇದೇ ದೊಡ್ಡ ದಾರಿ ಅನ್ನಿಸುತ್ತದೆ ನನಗೆ.

ಪುರಾವೆ ಏನು? 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳದ್ದು. ಮೊದಲ ಸಲ ಹೃದಯಾಘಾತವಾದವರಲ್ಲಿ ಮನೆ, ಕೆಲಸದ ಒತ್ತಡ ಹೇಳಿಕೊಂಡವರು ಹೆಚ್ಚಿದ್ದರು. ಆದರೆ ಕೇಳಿದ್ದು ಆಘಾತವಾದ ಮೇಲೆ. ಕಾಯಿಲೆ ಬಿದ್ದವರು ಹಿಂದಿನದನ್ನು ಬೇರೆಯಾಗಿ ನೆನೆಯುತ್ತಾರೆ ಅಲ್ವಾ? ಈ ಮಿತಿಯನ್ನೂ ಬರೆಯಿರಿ.

ನನ್ನನ್ನು ಹೆಚ್ಚು ಕಾಡಿದ್ದು 1994ರ ಜನವರಿ 17ರ ಲಾಸ್ ಏಂಜಲೀಸ್ ಭೂಕಂಪ. ಅಲ್ಲಿ ಹೃದಯದ ಕಾಯಿಲೆಯಿಂದ ದಿಢೀರ್ ಸಾವು ಹಿಂದಿನ ವಾರ ದಿನಕ್ಕೆ ಸರಾಸರಿ 4.6 ಇತ್ತು. ಅಂದು ಒಂದೇ ದಿನ 24. ಮುಂದಿನ ದಿನಗಳಲ್ಲಿ ಸಾವು ಎಂದಿಗಿಂತ ಕಡಿಮೆಯಾಯಿತು. ಅಂದರೆ ಮೊದಲೇ ಹೃದಯ ಸೋತಿದ್ದವರಿಗೆ ಆ ಗಾಬರಿ ಸಾವನ್ನು ಹತ್ತಿರ ತಂದಿರಬೇಕು.

ಈಗ ಅಳತೆ. ಎಚ್‌ಆರ್‌ವಿ (ಹಾರ್ಟ್ ರೇಟ್ ವೇರಿಯಬಿಲಿಟಿ) ಅಂದರೆ ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವಿನ ಸಮಯ ಎಷ್ಟು ಹೆಚ್ಚುಕಡಿಮೆ ಆಗುತ್ತದೆ ಅನ್ನುವ ಲೆಕ್ಕ. ನಿಮಿಷಕ್ಕೆ 60 ಬಡಿತ ಅಂದರೆ ಪ್ರತಿಯೊಂದೂ ಸರಿಯಾಗಿ ಒಂದು ಸೆಕೆಂಡಿಗಲ್ಲ. ಒಂದು 0.95ಕ್ಕೆ, ಇನ್ನೊಂದು 1.04ಕ್ಕೆ ಬರುತ್ತದೆ. ಉಸಿರು ಎಳೆದಾಗ ಬಡಿತ ಚುರುಕು, ಬಿಟ್ಟಾಗ ನಿಧಾನ. ಇದನ್ನು ಮಾಡುವುದು ಮುಖ್ಯವಾಗಿ ಬಡಿತವನ್ನು ನಿಧಾನಗೊಳಿಸುವ ವೇಗಸ್ ನರ. ಒತ್ತಡದಲ್ಲಿ ಅದರ ಹಿಡಿತ ಸಡಿಲವಾಗುತ್ತದೆ, ಏರಿಳಿತ ಕುಗ್ಗುತ್ತದೆ. ಇಸಿಜಿಯಲ್ಲಿ 5 ನಿಮಿಷ ಅಥವಾ ಹೋಲ್ಟರ್‌ನಲ್ಲಿ (ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ ಯಂತ್ರ) 24 ತಾಸು ದಾಖಲಿಸುತ್ತಾರೆ. ಇವೆರಡರ ಅಂಕಿಗಳನ್ನು ಹೋಲಿಸಬೇಡಿ. ವಯಸ್ಸು, ಜ್ವರ, ಚಹಾ, ಬಡಿತ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ, ಉಸಿರಾಟದ ವೇಗ ಎಲ್ಲವೂ ಅದನ್ನು ಬದಲಿಸುತ್ತವೆ. ಬಡಿತವೇ ತಾಳ ತಪ್ಪಿದವರಲ್ಲಿ ಎಚ್‌ಆರ್‌ವಿ ಸುಮ್ನೆ ಜಾಸ್ತಿ ಕಾಣುತ್ತದೆ, ಅದು ಆರೋಗ್ಯದ ಗುರುತಲ್ಲ. ಸ್ಮಾರ್ಟ್‌ವಾಚ್ ಮಣಿಕಟ್ಟಿನ ಮೇಲೆ ಬೆಳಕು ಬಿಟ್ಟು ನಾಡಿ ಓದುತ್ತದೆ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಿನ ಅಂಕಿಯನ್ನು ನಂಬಬೇಡಿ, ಕೈ ಅಲುಗಿದರೆ ಲೆಕ್ಕ ಕೆಡುತ್ತದೆ.

ಕಾರ್ಟಿಸಾಲ್ ಅನ್ನು ಎಂಜಲಿನಲ್ಲಿ ನೋಡಬಹುದು. ಎದ್ದ ಅರ್ಧ, ಮುಕ್ಕಾಲು ತಾಸಿಗೆ ಅದು ತುದಿ ಮುಟ್ಟುತ್ತದೆ, ರಾತ್ರಿ ತಳಕ್ಕಿಳಿಯುತ್ತದೆ. ಹೊತ್ತು ಬರೆಯದ ಒಂದೇ ಸ್ಯಾಂಪಲ್‌ನಿಂದ ಉಪಯೋಗವಿಲ್ಲ. ನೈಟ್ ಡ್ಯೂಟಿ ನರ್ಸ್‌ಗಳಲ್ಲಿ ಇನ್ನೂ ಎಚ್ಚರ ಬೇಕು. ತಿಂಗಳುಗಳ ಲೆಕ್ಕಕ್ಕೆ ಕೂದಲು ಸಿಗುತ್ತದೆ, ಬುಡದ 1 ಸೆಂಟಿಮೀಟರ್ ಹೆಚ್ಚುಕಡಿಮೆ ಒಂದು ತಿಂಗಳಿನದು.

ಖರ್ಚಿಲ್ಲದ್ದು ಪ್ರಶ್ನಾವಳಿ. ಶೆಲ್ಡನ್ ಕೊಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪಿಎಸ್‌ಎಸ್ (ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್, ಎಷ್ಟು ಒತ್ತಡ ಅನ್ನಿಸುತ್ತದೆ ಎಂಬ ಅಳತೆ) ಕಳೆದ ಒಂದು ತಿಂಗಳ ಬಗ್ಗೆ ಕೇಳುತ್ತದೆ. ಹಾಗಾಗಿ ಮೆಣಸಿನಕಾಯಿ ಬೆಳೆಗಾರರಿಗೆ ಇದನ್ನು ತಿಂಗಳಿಗೊಮ್ಮೆ ಕೇಳಿ, ಜೊತೆಗೆ 24 ತಾಸಿನ ಬಿಪಿ ತೆಗೆದುಕೊಳ್ಳಿ. ಪರೀಕ್ಷೆಯ ದಿನಕ್ಕಾದರೆ ಎಚ್‌ಆರ್‌ವಿ ಸರಿ. ಪರೀಕ್ಷೆಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೆಗೆಯಿರಿ, ಎಷ್ಟು ಚೇತರಿಸಿತು ಎಂದು ತಿಳಿಯುತ್ತದೆ.

ಪಿಎಸ್‌ಎಸ್‌ನ 10 ಪ್ರಶ್ನೆಗಳ ರೂಪದಲ್ಲಿ ಪ್ರತಿಯೊಂದಕ್ಕೂ 0ಯಿಂದ 4 ಅಂಕ, ಒಟ್ಟು 40. ಇದು ರೋಗನಿರ್ಣಯವಲ್ಲ. 4, 5, 7, 8ನೇ ಪ್ರಶ್ನೆಗಳು ಒಳ್ಳೆಯ ಅನುಭವದ ಬಗ್ಗೆ ಇರುವುದರಿಂದ ಅಂಕವನ್ನು ತಿರುಗಿಸಬೇಕು, 4 ಇದ್ದರೆ 0. ಹತ್ತಕ್ಕೂ 4 ಎಂದು ಗುರುತು ಹಾಕಿದವರ ಒಟ್ಟು 40 ಅಲ್ಲ, 24. ಹಾಗೆ ಬಂದರೆ ಅವರು ಪ್ರಶ್ನೆ ಓದದೆ ಗುರುತು ಹಾಕಿರಬಹುದು. ಪಕ್ಕದಲ್ಲಿ ಕೂತು, ಒಂದೊಂದಾಗಿ ಓದಿ ಹೇಳಿ ಮತ್ತೆ ಕೇಳಿ.