ಕಣ್ಣು ದಾಟಿದ್ರ ಮಳಿ ದಾಟಿದಂಗಲ್ರೀ

ಮುಂಜಾನೆ ಆರಕ್ಕ ಮೊಬೈಲ್ ಬಾರಿಸ್ತಂದ್ರ ನನಗ ಗೊತ್ತಾಗಿಬಿಡ್ತದ, ರಾತ್ರಿ ಬಂಗಾಳ ಕೊಲ್ಲಿ ದಂಡಿಗೆ ಎಲ್ಲೋ ಚಂಡಮಾರುತ ಬಂದು ಬಡದದ ಅಂತ. "ಸರ, ದಾಟ್ತಂತಲ್ರೀ? ಟಿವಿಯಾಗ ತೋರಿಸಾಕತ್ತಾರ. ಇನ್ನ ತಾಡಪತ್ರಿ ತಗದು ಕಾಯಿ ಹರವಬಹುದಲ್ರೀ?" ಬ್ಯಾಡಗಿ ಕಡೆಯವ್ರಾದ್ರ ಮೆಣಸಿನಕಾಯಿ, ರೋಣ-ಗದಗ ಕಡೆಯವ್ರಾದ್ರ ಉಳ್ಳಾಗಡ್ಡಿ, ಹಾನಗಲ್ಲ ಕಡೆಯವ್ರಾದ್ರ ರಸ್ತೆ ಮ್ಯಾಲೆ ಹಾಕಿದ ಗೋವಿನಜೋಳ. ಮಾಲು ಬ್ಯಾರೆ ಬ್ಯಾರೆ, ಪ್ರಶ್ನೆ ಮಾತ್ರ ಒಂದೇ. ದಾಟ್ತೋ ಇಲ್ಲೋ.

ಹವಾಮಾನ ನೋಡಿ ರೈತರಿಗೆ ಸಲಹೆ ಕೊಡೋ ಕೆಲಸಕ್ಕ ಬಂದು ಇಪ್ಪತ್ತು ವರ್ಷದ ಮ್ಯಾಲಾತು, ಈ ಒಂದು ಮಾತು ಎಷ್ಟು ಸಲ ಹೇಳೀನೋ ಲೆಕ್ಕ ಇಲ್ಲ, ಆದ್ರೂ ಇವತ್ತ ಬರದೇ ಬಿಡ್ತೀನಿ. ದಾಟೋದು ಅಂದ್ರ ಇಷ್ಟ: ಚಂಡಮಾರುತದ ನಟ್ಟನಡುವಿನ ಜಾಗ, ಅದರ ಕಣ್ಣು, ಸಮುದ್ರ ಬಿಟ್ಟು ನೆಲದ ಮ್ಯಾಲೆ ಬಂತು. ಮುಗೀತು ಅಂತಲ್ಲ. ಸಮುದ್ರದ ದಂಡಿಯವರಿಗೆ ಗಾಳಿ, ಅಲೆ ಎರಡೂ ಇಳಿಯೋ ಹೊತ್ತು ಅದು, ಅವರಿಗೆ ದಾಟ್ತು ಅಂದ್ರ ಖರೇನೇ ಒಂದು ಸಮಾಧಾನ. ಒಳನಾಡಿನವರಾದ ನಮಗ ಅದು ಈಗ ನಮ್ಮ ಕಡೆ ಹೊಂಟದ ಅಂತ ಅರ್ಥ. ಒಂದೇ ಶಬ್ದ, ಆಂಧ್ರದ ದಂಡಿಯ ಮಚಲಿಪಟ್ಟಣದಾಗ ಒಂದು ಅರ್ಥ, ಬ್ಯಾಡಗಿಯಾಗ ಇನ್ನೊಂದು.

ಮೊಂಥಾ ಚಂಡಮಾರುತಾನೇ ತಗೋರಿ. 2025ರ ಅಕ್ಟೋಬರ್ 28ರ ಸಂಜಿಮುಂದ ಅದರ ಮುಂದಿನ ಭಾಗ ಆಂಧ್ರದ ದಂಡಿ ಮುಟ್ಟಾಕ ಸುರು ಮಾಡ್ತು, ಕಣ್ಣು ನರಸಾಪುರದ ಹತ್ರ ನೆಲಕ್ಕ ಬಂದದ್ದು ನಡುರಾತ್ರಿ ಆಸುಪಾಸು. ನೋಡ್ರಿ, ಅಲ್ಲೇ ತಾಸುಗಟ್ಟಲೆ ಹೋತು, ದಾಟೋದೂ ಒಂದು ಕ್ಷಣದ ಕೆಲಸ ಅಲ್ಲ. ಗಾಳಿ ಗಂಟೆಗೆ 90-100 ಕಿ.ಮೀ., ತೀವ್ರ ಚಂಡಮಾರುತ ಅನ್ನೋ ವರ್ಗದಾಗ ಕೆಳಗಿನ ಮೆಟ್ಟಲು ಅದು. ಮರುದಿನ ನೀರಾಗ ನಿಂತದ್ದು ಯಾವ ಊರು? ತೆಲಂಗಾಣದ ವಾರಂಗಲ್, ಹನುಮಕೊಂಡ. ನರಸಾಪುರದಿಂದ 250 ಕಿ.ಮೀ.ಗಿಂತ ಹೆಚ್ಚು ಒಳಗ. ಆ ಹೊತ್ತಿಗೆ ಗಾಳಿ ಬಿದ್ದುಹೋಗಿತ್ತು, ಟಿವಿಯಾಗ "ದುರ್ಬಲ" ಅಂತ ಪಟ್ಟಿ ಓಡ್ತಿತ್ತು.

ಈ "ದುರ್ಬಲ" ಅನ್ನೋ ಶಬ್ದದ ಮ್ಯಾಲೂ ನನಗ ಸಿಟ್ಟದ. ದುರ್ಬಲ ಆಗೋದು ಗಾಳಿ. ಚಂಡಮಾರುತಕ್ಕ ಉರುವಲ ಅಂದ್ರ ಬಿಸಿ ಸಮುದ್ರ, ಸುಮಾರು 26-27 ಡಿಗ್ರಿಗಿಂತ ಬೆಚ್ಚಗಿನ ನೀರು, ನೆಲಕ್ಕ ಬಂದ ಕೂಡಲೇ ಆ ಉರುವಲ ನಿಂತುಹೋಗ್ತದ, ಗಿಡ ಗುಡ್ಡ ಮನಿ ತಿಕ್ಕಿ ಗಾಳಿ ಸೋಲ್ತದ. ಆದ್ರ ನಾಕೈದು ದಿನ ಸಮುದ್ರದ ಮ್ಯಾಲೆ ಕೂತು ಎತ್ತಿಕೊಂಡ ನೀರು ಎಲ್ಲಿ ಹೋಗಬೇಕ್ರಿ? ಅದು ಮ್ಯಾಲೇ ಅದ. ಜೊತಿಗೆ ಆ ಸುಳಿ ಇನ್ನೂ ತಿರಗಾಕತ್ತಿರ್ತದ, ತಿರಗೋ ತನಕ ಒಂದು ಬಾಜೂದಿಂದ ಸಮುದ್ರದ ಹಸಿ ಗಾಳಿ ಎಳಕೊಂತನೇ ಇರ್ತದ. ಒಲಿ ಆರಿಸಿದ ಮ್ಯಾಲೂ ರೊಟ್ಟಿ ಹಂಚು ಬಿಸಿ ಇರ್ತದಲ್ಲ, ಒಲಿ ಆರೇದ ಅಂತ ಹಂಚಿನ ಮ್ಯಾಲೆ ಕೈ ಇಡ್ತೀರೇನು?

ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದ ಮ್ಯಾಲೇ ನಮ್ಮ ಕಡೆ ಚಂಡಮಾರುತಕ್ಕ ಹೆಸರು ಇಡೋದು. ಅದರ ಕೆಳಗಿದ್ರ ವಾಯುಭಾರ ಕುಸಿತ. ಹೆಸರು ಇಡೋದಕ್ಕ ಗಾಳಿ ಅಳೀತಾರ ಹೊರತು ಮಳಿ ಅಳೆಯಂಗಿಲ್ಲ, ಇದನ್ನ ಗಟ್ಟಿಯಾಗಿ ತಲಿಯಾಗ ಇಟಗೋರಿ. 2009ರ ಸೆಪ್ಟೆಂಬರ್ ಕೊನಿ, ಅಕ್ಟೋಬರ್ ಮೊದಲನೇ ವಾರ ನೆನಪದ ಅಲ್ರೀ ನಿಮಗ? ಮಲಪ್ರಭಾ, ಬೆಣ್ಣಿಹಳ್ಳ, ಅತ್ತ ತುಂಗಭದ್ರಾ, ಎಲ್ಲಾ ಉಕ್ಕಿ ಬಂದು ರಾಜ್ಯದಾಗ 200ಕ್ಕೂ ಹೆಚ್ಚು ಜನ ಹೋದ್ರು, ಊರಿಗೆ ಊರೇ ಜಾಗಾ ಬದಲಿಸಬೇಕಾತು. ಅದನ್ನ ತಂದದ್ದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ, ಅದಕ್ಕ ಹೆಸರೇ ಇರಲಿಲ್ಲ. ರೋಣ, ನರಗುಂದದ ಹಳ್ಳಿಗಳಿಗೆ ಹೋದ್ರ ಜನ ಗ್ವಾಡಿ ಮ್ಯಾಲೆ ನೀರು ಬಂದ ಗುರ್ತು ತೋರಿಸ್ತಾರ, ಏನಂತ ಕರೀಬೇಕೋ ಗೊತ್ತಾಗದ "ಆ ವರ್ಷದ ಮಳಿ" ಅಂತಾರ ಅಷ್ಟ.

ನಕ್ಷಾದ ಗೆರಿ ಬಗ್ಗೆನೂ ಹೇಳಬೇಕು. ವಾಟ್ಸಾಪ್‌ನ್ಯಾಗ ಬರೋ ಆ ನಕ್ಷಾದಾಗ ಒಂದು ಗೆರಿ, ಅದರ ಸುತ್ತ ಅಗಲ ಆಗ್ತಾ ಹೋಗೋ ಒಂದು ಬಣ್ಣದ ಪಟ್ಟಿ ಇರ್ತದಲ್ಲ, ಅದನ್ನ ನೋಡಿ "ಗೆರಿ ನಮ್ಮ ಮ್ಯಾಲೆ ಇಲ್ಲ, ಪಟ್ಟಿಯಾಗೂ ನಾವಿಲ್ಲ" ಅಂತ ನಿಶ್ಚಿಂತಿ ಆಗ್ತಾರ. ಗೆರಿ ಕಣ್ಣಿನ ದಾರಿ. ಪಟ್ಟಿ ಅಂದ್ರ ಕಣ್ಣು ಆ ಕಡೆ ಈ ಕಡೆ ಎಷ್ಟು ಸರೀಬಹುದು ಅನ್ನೋ ಅಂದಾಜು, ಯಾಕಂದ್ರ 24 ತಾಸು ಮುಂಚೆ ಹೇಳಿದ ಜಾಗಕ್ಕೂ ಅದು ಖರೇ ಇದ್ದ ಜಾಗಕ್ಕೂ ಈಗಲೂ ಸರಾಸರಿ 75 ಕಿ.ಮೀ. ಸುಮಾರು ಫರಕ ಬರ್ತದ. ಮಳಿ ಎಲ್ಲೀತನಕ ಅಂತ ಆ ಪಟ್ಟಿ ಹೇಳಂಗಿಲ್ಲ. ಹುಬ್ಬಳ್ಳಿ ಸಿದ್ಧಾರೂಢ ಮಠದ ಜಾತ್ರಿ ತೇರು ನೋಡೀರಲ್ಲ, ತೇರು ಎಲ್ಲಿ ಬಂತು ಅಂತ ಕೇಳಿದ್ರ ಕಳಸ ಇರೋ ಜಾಗ ತೋರಿಸ್ತಾರ, ಆದ್ರ ಜನ? ಜನ ಓಣಿ ಓಣಿ ತುಂಬಿರ್ತಾರ, ಕಳಸ ಕಾಣದ ಜಾಗದಾಗೂ ಕಾಲಿಡಾಕ ಜಾಗಾ ಇರಂಗಿಲ್ಲ. ಗೆರಿ ಅನ್ನೋದು ಕಳಸದ ದಾರಿ, ಮಳಿ ಅನ್ನೋದು ಜನ. 2023ರ ಡಿಸೆಂಬರ್‌ದಾಗ ಮಿಚಾಂಗ್ ಚಂಡಮಾರುತ ದಾಟಿದ್ದು 5ನೇ ತಾರೀಖು ಮಧ್ಯಾಹ್ನ ಆಂಧ್ರದ ಬಾಪಟ್ಲಾದ ಹತ್ರ. ಚೆನ್ನೈ ಮುಳುಗಿದ್ದು 3 ಮತ್ತು 4ಕ್ಕ, ಸುಮಾರು 300 ಕಿ.ಮೀ. ಕೆಳಗ, ಅದೂ ದಾಟೋಕಿಂತ ಮೊದಲ.

ದೂರ ಇದ್ದವರಿಗೆ ಏನಾಗ್ತದ ಅನ್ನೋರು ಹುಡ್‌ಹುಡ್ ಕಥಿ ಕೇಳಬೇಕು. 2014ರ ಅಕ್ಟೋಬರ್ 12ಕ್ಕ ವಿಶಾಖಪಟ್ಟಣ ದಾಟ್ತು, ಅಲ್ಲಿಯ ರಾಡಾರೂ ಹಾಳಾತು. ಟಿವಿಯವರು ವಿಶಾಖಪಟ್ಟಣದ ಮುರದ ಗಿಡಾನೇ ತೋರಿಸ್ತಿದ್ರು. ಎರಡು ದಿನದ ಮ್ಯಾಲೆ ಅದರ ಉಳಿಕಿ ನೇಪಾಳಕ್ಕ ಹೋಗಿ ಅನ್ನಪೂರ್ಣ ಪರ್ವತದ ದಾರಿಯಾಗ ಹಿಮ ಸುರಿಸಿ 40ಕ್ಕೂ ಹೆಚ್ಚು ಮಂದಿ ಸತ್ರು. ಅವರಾಗ ಎಷ್ಟು ಜನಕ್ಕ ಬಂಗಾಳ ಕೊಲ್ಲಿ ನೆನಪಿತ್ತೋ. 2021ರ ಮೇ ತಿಂಗಳ ತೌಕ್ತೆನೂ ಹಂಗ, ನಮ್ಮ ಕರಾವಳಿ ದಾಟಲೇ ಇಲ್ಲ, ಸಮುದ್ರದಾಗೇ ಮ್ಯಾಲೆ ಹೋತು, ಹೋಗೋ ಮುಂದ ಕರಾವಳಿ ಜಿಲ್ಲೆಗಳನ್ನ ತೊಳದು ಹೋತು. 17ರ ರಾತ್ರಿ ಗುಜರಾತ್ ಮುಟ್ಟಿ, ಸೋತು, 20ರ ಮುಂಜಾನೆ ಹೊತ್ತಿಗೆ ದಿಲ್ಲಿಯಾಗ 24 ತಾಸಿಗೆ 119 ಮಿ.ಮೀ. ಮಳಿ. ಮೇ ತಿಂಗಳಾಗ, ದಿಲ್ಲಿಯಾಗ!

ದಾಟೋ ರಾತ್ರಿ ನಾನು ಏನು ನೋಡ್ತೀನಿ ಅಂತ ಕೆಲವರು ಕೇಳ್ತಾರ. ಸಮುದ್ರದಾಗ ದೂರ ಇರೋ ತನಕ ಇನ್ಸಾಟ್ ಉಪಗ್ರಹದ ಚಿತ್ರಾನೇ ಆಧಾರ, ಮೋಡದ ಸುರುಳಿ ಎಷ್ಟು ಬಿಗಿ ಆಗ್ಯದ ಅಂತ ನೋಡಿ ಗಾಳಿಯ ಬಲ ಅಂದಾಜು ಮಾಡ್ತಾರ, ಅಮೆರಿಕದವರಂಗ ವಿಮಾನ ಒಳಗ ಕಳಸೋ ಪದ್ಧತಿ ನಮ್ಮಲ್ಲಿಲ್ಲ. ದಂಡಿಗೆ ಹತ್ರ ಬಂತಂದ್ರ ಮಚಲಿಪಟ್ಟಣ, ಚೆನ್ನೈ, ವಿಶಾಖಪಟ್ಟಣದ ಡಾಪ್ಲರ್ ರಾಡಾರಿನ್ಯಾಗ ಸಿಗ್ತದ. ಆಮ್ಯಾಲೆ ದಂಡಿ ಊರುಗಳ ಗಾಳಿಯ ಒತ್ತಡ, ತಾಸು ತಾಸಿಗೆ ಇಳಕೊಂತ ಬಂದು ಬಂದು ಒಂದು ಹೊತ್ತಿಗೆ ನಿಂತು ಏರಾಕ ಹತ್ತತದ, ಗಾಳಿಯ ದಿಕ್ಕು ತಿರಗತದ, ಆಗ ತಿಳೀಬೇಕು ಕಣ್ಣು ಬಾಜೂದಾಗ ಹಾದು ಹೋತು ಅಂತ. ದಿಲ್ಲಿಯ ಹವಾಮಾನ ಇಲಾಖೆ ಮೂರು ತಾಸಿಗೊಮ್ಮೆ ಕೊಡೋ ಬುಲೆಟಿನ್ ಆ ದಿನ ತಾಸಿಗೊಂದು ಬರ್ತದ. ಧಾರವಾಡದಾಗ ಕೂತ ನನ್ನ ಕಣ್ಣು ಮಾತ್ರ ಆ ಕಣ್ಣಿನ ಮ್ಯಾಲೆ ಇರಂಗಿಲ್ಲ. ಪಶ್ಚಿಮದ ಬಾಜೂ ಮೋಡದ ಪಟ್ಟಿ ರಾಯಚೂರು, ಬಳ್ಳಾರಿ ಕಡೆ ಚಾಚ್ತದೋ ಇಲ್ಲೋ, ಅದಕ್ಕಿಂತ ಮುಖ್ಯ ಎಷ್ಟು ವೇಗದಾಗ ನಡದದ. ಜೋರಾಗಿ ನಡಿಯೋದು ಗಾಳಿ ಬಡದು ಹೋಗಿಬಿಡ್ತದ, ನಿಧಾನ ನಡಿಯೋದು ನೀರು ಸುರೀತದ. 2024ರ ಫೆಂಗಲ್ ನವೆಂಬರ್ 30ರ ರಾತ್ರಿ ಪುದುಚೇರಿ ಹತ್ರ ದಾಟಿ ಅಲ್ಲೇ ಕಾಲೂರಿ ನಿಂತುಬಿಡ್ತು, ಆಮ್ಯಾಲೆ ಸಾವಕಾಶ ಒಳಗ ಬಂದು ಸುಮಾರು 150 ಕಿ.ಮೀ. ದೂರದ ಕೃಷ್ಣಗಿರಿ ಜಿಲ್ಲೆಯ ಊತಂಗರೈದಾಗ ಒಂದೇ ದಿನಕ್ಕ 50 ಸೆಂ.ಮೀ. ಸುರೀತು. ಅಷ್ಟೊತ್ತಿಗೆ ಅದು ಚಂಡಮಾರುತ ಅಂತ ಕರಿಸಿಕೊಳ್ಳೋ ಗಾಳಿನೂ ಉಳಿಸಿಕೊಂಡಿರಲಿಲ್ಲ.

ಇಷ್ಟೆಲ್ಲಾ ಯಾಕ ಹೇಳ್ತೀನಂದ್ರ, ಒಂದು ಡಿಸೆಂಬರ್ ನನಗ ಇನ್ನೂ ಮರೆಯಾಕ ಆಗಿಲ್ಲ. ಬ್ಯಾಡಗಿ ತಾಲೂಕಿನ ಒಬ್ಬರು ಹಿರಿಯರು, ನಾನು ಅವರಿಗೆ ಕಾಕಾ ಅಂತೀನಿ, ಎರಡು ರಾತ್ರಿ ಕಣದಾಗಿನ ಕಾಯಿ ಮುಚ್ಚಿಕೊಂಡು ಕಾದಿದ್ರು. ಆಂಧ್ರದಾಗ ದಾಟಿದ ಮುಂಜಾನೆ ಫೋನ್ ಮಾಡಿ "ದಾಟ್ತೇನೋ ತಮ್ಮಾ?" ಅಂದ್ರು. ನಾನು "ಹೌದ್ ಕಾಕಾ, ದಾಟೇದ" ಅಂದೆ, ಆ ಕಡೆ ಬ್ಯಾರೆ ಫೋನ್ ಬರಾಕತ್ತಿತ್ತು, ಇಟ್ಟುಬಿಟ್ಟೆ. ನಾನು ಹೇಳಿದ್ದು ಸುಳ್ಳಲ್ಲ. ಆದ್ರ ಅವರು ಕೇಳಿದ್ದು ಮಳಿ ಬರಂಗಿಲ್ಲಲ್ಲ ಅಂತ, ನಾನು ಉತ್ತರ ಕೊಟ್ಟದ್ದು ಕಣ್ಣು ಎಲ್ಲದ ಅನ್ನೋದಕ್ಕ. ಹರವಿದ್ರು. ಮರುದಿನ ರಾತ್ರಿ ಎರಡರ ಸುಮಾರಿಗೆ ಜಿಟಿಜಿಟಿ ಸುರುವಾಗಿ ಬೆಳಗಾಗೋದ್ರಾಗ ಕಣ ತುಂಬ ನೀರು. ಗಾಳಿ ಒಂದು ಎಲಿ ಅಳ್ಳಾಡಸೋವಷ್ಟೂ ಇರಲಿಲ್ಲ. ಬ್ಯಾಡಗಿ ಕಾಯಿ ಮಾರೋದು ಖಾರಕ್ಕಲ್ಲ, ಬಣ್ಣಕ್ಕ, ಆ ಬಣ್ಣಾನೇ ಹೋತು, ಬೂಷ್ಟು ಹಿಡೀತು, ಪ್ಯಾಟಿಯಾಗ ಅರ್ಧ ರೇಟೂ ಸಿಗಲಿಲ್ಲ. ನಾನು ಊರಿಗೆ ಹೋದಾಗ ಒಂದು ಮಾತು ಬೈಲಿಲ್ಲ, ಕಾಕಿ ರೊಟ್ಟಿ, ಶೇಂಗಾ ಹಿಂಡಿ ಹಾಕಿ "ಉಣ್ಣೋ, ದೂರಿಂದ ಬಂದೀ" ಅಂದ್ರು. ಅವತ್ತಿನಿಂದ ನಾನು ಫೋನಿನ್ಯಾಗ ಬರೇ "ಹೌದು" ಅಂತ ಹೇಳೋದು ಬಿಟ್ಟೀನಿ.

ನಮ್ಮಂಥವರಿಗೆ ಅಂತಲೇ ಒಂದು ಸೂಚನಾ ಅದ, ಅದನ್ನ ಯಾರೂ ಓದಂಗಿಲ್ಲ. ಇಲಾಖೆ ನಾಕು ಹಂತದಾಗ ಹೇಳ್ತದ: ಮೊದಲು ಮುನ್ಸೂಚನಾ, ಆಮ್ಯಾಲೆ 48 ತಾಸು ಮುಂಚೆ ಹಳದಿ ಅಲರ್ಟ್, 24 ತಾಸು ಮುಂಚೆ ಕೇಸರಿ ವಾರ್ನಿಂಗ್, ಕೊನಿಗೆ ದಾಟೋದಕ್ಕ ಕಡಿಮಿ ಅಂದ್ರ 12 ತಾಸು ಮುಂಚೆ ಕೆಂಪು ಬಣ್ಣದ ಪೋಸ್ಟ್ ಲ್ಯಾಂಡ್‌ಫಾಲ್ ಔಟ್‌ಲುಕ್. ಹೆಸರೇ ಹೇಳ್ತದ, ದಾಟಿದ ಮ್ಯಾಲೆ ಎತ್ತ ಹೋಗ್ತದ, ಒಳನಾಡಿನ್ಯಾಗ ಎಲ್ಲೆಲ್ಲಿ ಏನಾಗಬಹುದು ಅಂತ. ನಾಕನೇದ್ದು ಬರೋ ಹೊತ್ತಿಗೆ ನಮ್ಮ ಮಂದಿ ಟಿವಿ ಬಂದ್ ಮಾಡಿರ್ತಾರ. ಮಂಗಳವಾರ, ಶುಕ್ರವಾರ ಬರೋ ಜಿಲ್ಲಾ ಕೃಷಿ ಹವಾಮಾನ ಪತ್ರಿಕಾನೂ ನೋಡ್ರಿ, ಮೇಘದೂತ ಆ್ಯಪ್‌ನ್ಯಾಗ ಕನ್ನಡದಾಗೇ ಸಿಗ್ತದ.

ಹಂಗಂತ ಪ್ರತಿ ಚಂಡಮಾರುತಕ್ಕೂ ಹೆದರಬೇಕಂತ ನಾನು ಹೇಳಾಕತ್ತಿಲ್ಲ, ತಪ್ಪು ತಿಳಕೋಬ್ಯಾಡ್ರಿ. ಒಡಿಶಾ, ಬಾಂಗ್ಲಾ ಕಡೆ ಹೊಳ್ಳೋವು ನಮ್ಮ ಕಡೆ ಬರೋ ಹಸಿನೂ ಎಳಕೊಂಡು ಹೋಗಿ ನಾಕು ದಿನ ಬಿಸಲು ಕೊಡೋದೂ ಉಂಟು. ನೆಲ್ಲೂರಿಂದ ಕಾಕಿನಾಡಾ ತನಕ ದಾಟಿ ಪಶ್ಚಿಮಕ್ಕ ಮಾರಿ ಮಾಡಿದ್ವು ಅಂದ್ರ ನಾನು ಎಚ್ಚರಾಗ್ತೀನಿ. ಆಗಲೂ ಜಿಲ್ಲೆಗೆ ಮಳಿ ಸಾಧ್ಯತೆ ಅದ ಅಂತ ಹೇಳಬಲ್ಲೆ, ನಿಮ್ಮ ಹೊಲಕ್ಕ ಎಷ್ಟು ಗಂಟೆಗೆ ಎಷ್ಟು ಹನಿ ಅಂತ ಹೇಳಾಕ ನನ್ನಿಂದಾಗಂಗಿಲ್ಲ, ಯಾರಾದ್ರೂ ಹೇಳಿದ್ರ ನಂಬಬ್ಯಾಡ್ರಿ.

ಮಾಡೋದು ಏನಂದ್ರ, ದಾಟ್ತು ಅಂದ ಮ್ಯಾಲೂ ಕಡಿಮಿ ಅಂದ್ರ ಎರಡು ದಿನ ಕೈ ಬಿಗಿ ಹಿಡೀರಿ. ಒಡದ ಹತ್ತಿ ಮೊದಲೇ ಬಿಡಿಸಿಕೋರಿ. ಹಸಿ ಕಾಯಿ ಮ್ಯಾಲೆ ತಾಡಪತ್ರಿ ಬಿಗಿಯಾಗಿ ಕಟ್ಟಿ ಬೇಯಸಬ್ಯಾಡ್ರಿ, ನಡು ಎತ್ತರ ಮಾಡಿ ಬಾಜೂದಾಗ ಗಾಳಿ ಆಡಾಕ ಬಿಡ್ರಿ, ಕಣದ ಸುತ್ತ ಕಾಲುವಿ ತಗೀರಿ. ಎರಿ ಹೊಲದಾಗ ಕಡಲಿ ಇದ್ರ ನೀರು ನಿಲ್ಲೋ ಮೂಲಿ ನಿಮಗ ಗೊತ್ತೇ ಇರ್ತದ, ಅಲ್ಲಿ ಒಂದು ಹರಿ ಹೊಡೀರಿ, ಇಲ್ಲಂದ್ರ ಬೇರು ಕೊಳೀತದ. ಕಡಲಿ ಹುಳಿ ತೊಳದು ಹೋಗ್ತದ ಅಂತ ನಮ್ಮ ಹಿರಿಯರು ಅಂಜೋದು ಸುಮ್ಮನ ಅಲ್ಲ, ಎಲಿ ಮ್ಯಾಲಿನ ಆ ಹುಳಿನೇ ಕಾಯಿಕೊರಕ ಹುಳಕ್ಕ ಅಡ್ಡಿ. ಎಣ್ಣಿ, ಅಂದ್ರ ಕೀಟನಾಶಕ, ಹೊಡಿಯೋದು ಆ ಎರಡು ದಿನ ಬಿಡ್ರಿ, ತೊಳದು ಹೋದ್ರ ರೊಕ್ಕ ದಂಡ.

ಮೊಂಥಾ ದಾಟಿದ ಮುಂಜಾನೆನೂ ಕಾಕಾ ಫೋನ್ ಮಾಡಿದ್ರು. ಆ ಹೊತ್ತಿಗೆ ಅವರ ಕಾಯಿ ಇನ್ನೂ ಗಿಡದಾಗ, ಕಣದಾಗಿದ್ದದ್ದು ಗೋವಿನಜೋಳ. "ತಮ್ಮಾ, ದಾಟಿದ್ದು ಟಿವಿಯಾಗ ನೋಡೇನಿ, ಅದು ಬ್ಯಾಡ. ಆ ಕೆಂಪಂದು ಏನಂತೈತಿ?" ಅಂದ್ರು. ವಾಯವ್ಯಕ್ಕ ತೆಲಂಗಾಣದ ಕಡೆ ಹೊಳ್ಳೇದ ಕಾಕಾ, ನಮಗ ಜೋರು ಕಾಣಂಗಿಲ್ಲ, ಆದ್ರೂ ನಾಳೆ ರಾತ್ರಿ ತನಕ ಮುಚ್ಚೇ ಇಡ್ರಿ ಅಂದೆ. ಅಷ್ಟರಾಗ ಆ ಕಡೆ ಕಾಕಿ ತಾಡಪತ್ರಿ ಮೂಲಿ ಹಾರಾಕತ್ತೈತಿ ಅಂತ ಕೂಗಿದ್ದು ಕೇಳಿಸ್ತು, ಒಂದು ಕಲ್ಲು ಹೇರಿ ಬರ್ತೀನಿ ತಡಿ ಅಂತ ಹೇಳಿ ಫೋನ್ ಇಟ್ರು.